ಗುರಿ ಹೇಳದ ಹೆಸರು

ಔಷಧಗಳಿಗೆ ಹೆಸರಿಡುವ ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಗೆ ವೈದ್ಯಲೋಕದಲ್ಲಿ ದೊಡ್ಡ ಮರ್ಯಾದೆ. ಮಾತ್ರೆಗಳ ಮಟ್ಟಿಗೆ ಅದು ಸಲ್ಲಬೇಕಾದದ್ದೇ. ಜೀವಕೋಶ ಚಿಕಿತ್ಸೆಯಲ್ಲೂ ಅದೇ ಮರ್ಯಾದೆ ಕೊಡುವುದಕ್ಕೆ ನನ್ನ ತಕರಾರಿದೆ.

2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಐಐಟಿ ಬಾಂಬೆಯಲ್ಲಿ ರೋಗಿಯ ಟಿ ಕೋಶವನ್ನೇ ತಿದ್ದಿ ಕ್ಯಾನ್ಸರ್ ಮೇಲೆ ಬಿಡುವ ದೇಶೀ ಕಾರ್-ಟಿ ಚಿಕಿತ್ಸೆಗೆ ಚಾಲನೆ ಕೊಟ್ಟರು. 2025ರ ಜನವರಿಯಲ್ಲಿ ಬೆಳಗಾವಿಗೆ ಬಂದು ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟಿಸಿದರು. ಅಲ್ಲಿಗೆ ಖಾನಾಪುರದ ಕಾಡಂಚಿನಿಂದ ಬರುವ ರೋಗಿಯ ಕಡತದಲ್ಲೂ ಇಂದಲ್ಲ ನಾಳೆ ಈ ಹೆಸರುಗಳು ಕಾಣಿಸಿಕೊಂಡಾವು: ಮುಂಬೈಯ ಟ್ಯಾಲಿಕ್ಯಾಬ್ಟಜೀನ್ ಆಟೋಲ್ಯೂಸೆಲ್, ಬೆಂಗಳೂರಿನ ಇಮ್ಯೂನೀಲ್ ಕಂಪನಿಯ ವರ್ನಿಮ್‌ಕ್ಯಾಬ್ಟಜೀನ್ ಆಟೋಲ್ಯೂಸೆಲ್.

ಎರಡನೆಯದನ್ನೇ ಬಿಡಿಸಿ ನೋಡೋಣ. ‘ಆಟೋ’ ಎಂದರೆ ರೋಗಿಯದೇ ಕೋಶ, ‘ಲ್ಯೂ’ ಬಿಳಿ ರಕ್ತಕಣ, ‘ಸೆಲ್’ ಜೀವಕೋಶ. ‘ಜೀನ್’ ಇದ್ದರೆ ವಂಶವಾಹಿಯನ್ನು ತಿದ್ದಲಾಗಿದೆ. ‘ಕ್ಯಾಬ್ಟ’ ಎಂಬುದು ಪ್ರತಿಕಾಯದ ತುಣುಕು ಹೊತ್ತು ಟಿ ಕೋಶವನ್ನು ಕೆರಳಿಸುವ ಏರ್ಪಾಡು. ಇಷ್ಟೆಲ್ಲ ಹೇಳಿಯೂ ಆ ಕೋಶ ಯಾವುದರ ಮೇಲೆ ಎರಗುತ್ತದೆ ಎಂಬುದನ್ನೇ ಹೆಸರು ನುಂಗಿಕೊಂಡಿದೆ. ಇದರ ಗುರಿ ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಎಂಬ ಪ್ರೋಟೀನು. ಮೈಲೋಮಾಕ್ಕೆ ಕೊಡುವ ಸಿಲ್ಟಕ್ಯಾಬ್ಟಜೀನ್ ಆಟೋಲ್ಯೂಸೆಲ್‌ನ ಗುರಿ ಬಿಸಿಎಂಎ ಎಂಬ ಬೇರೆಯೇ ಪ್ರೋಟೀನು. ಬಾಲ ಮಾತ್ರ ಒಂದೇ. ಆಕ್ಸಿಕ್ಯಾಬ್ಟಜೀನ್, ಬ್ರೆಕ್ಸುಕ್ಯಾಬ್ಟಜೀನ್‌ಗಳದು ಇದಕ್ಕೆ ತಿರುವುಮುರುವು: ಒಳಗಿನ ಗ್ರಾಹಕ ಒಂದೇ, ತಯಾರಿಕೆಯ ಕ್ರಮ ಬೇರೆಯೆಂದು ತಲೆಯೇ ಬದಲಾಗಿದೆ. 2017ರ ಆಕ್ಸಿಕ್ಯಾಬ್ಟಜೀನ್ ಸಿಲೋಲ್ಯೂಸೆಲ್ ಕೂಡ ರೋಗಿಯದೇ ಕೋಶ. ಆದರೆ ಅಲ್ಲಿ ‘ಆಟೋ’ ಇಲ್ಲ. ಅದೇ ವರ್ಷದ ಟಿಸಾಜೆನ್‌ಲೆಕ್ಲ್ಯೂಸೆಲ್‌ಗೆ ಎರಡು ಪದಗಳೂ ಇಲ್ಲ, ಒಂದೇ ಪದ. ಹೆಸರು ಗುರುತಿಗಷ್ಟೇ, ವಿವರಣೆಗಲ್ಲ ಎಂದು ಸಮರ್ಥಕರು ಹೇಳಬಹುದು. ಹಾಗಾದರೆ ಅಷ್ಟುದ್ದ ಬಾಲ ಯಾಕೆ?

ಈ ಹೆಸರುಗಳಿಗೆ ನಾಲಗೆ ಹೊರಳುವುದಿಲ್ಲ ಎಂದು ಗೊಣಗುವ ಟೀಕಾಕಾರರ ಜೊತೆಯೂ ನಾನಿಲ್ಲ. ಸೈಕ್ಲೋಫಾಸ್ಫಮೈಡ್ ಎನ್ನಲು ಕಲಿತ ವಾರ್ಡಿಗೆ ಇದೇನು ಮಹಾ? ಸುಲಭದ ಬ್ರಾಂಡ್ ಹೆಸರು ಸಾಕು ಎನ್ನುವವರು ಅದೃಷ್ಟವನ್ನು ನಂಬಿದವರು. ಟ್ಯಾಲಿಕ್ಯಾಬ್ಟಜೀನ್‌ನ ಬ್ರಾಂಡ್ ಹೆಸರಾದ ನೆಕ್ಸ್‌ಕಾರ್19ರಲ್ಲಿ ಗುರಿಯ ಸಂಖ್ಯೆ ಉಂಟು. ಇಮ್ಯೂನೀಲ್‌ನ ಕಾರ್ಟೆಮಿಯಲ್ಲಿ ಏನುಂಟು?

ಹೊಗಳಿಕೆ ಸಲ್ಲಬೇಕಾದದ್ದು ಯಾರೂ ಹೆಚ್ಚು ಚರ್ಚಿಸದ ಐಎಸ್‌ಬಿಟಿ 128ಕ್ಕೆ. ರಕ್ತದ ಚೀಲದಿಂದ ಕೋಶದ ಚೀಲದವರೆಗೆ ಲೇಬಲ್ಲುಗಳನ್ನು ಒಂದು ಶಿಸ್ತಿಗೆ ತಂದ ಈ ಪದ್ಧತಿಯಲ್ಲಿ ‘ಎಚ್‌ಪಿಸಿ, ಮ್ಯಾರೋ’, ‘ಎಚ್‌ಪಿಸಿ, ಅಫೆರಿಸಿಸ್’, ‘ಎಚ್‌ಪಿಸಿ, ಕಾರ್ಡ್ ಬ್ಲಡ್’ ಎಂದಷ್ಟೇ ಬರೆಯುತ್ತಾರೆ. ರಕ್ತ ಹುಟ್ಟಿಸುವ ಕೋಶ, ಬಂದ ಮೂಲ, ಮುಗಿಯಿತು. ‘ಸ್ಟೆಮ್ ಸೆಲ್’ (ಕಾಂಡಕೋಶ) ಎಂಬ ಮೋಹಕ ಮಾತಿಗೆ ಅಲ್ಲಿ ಜಾಗವಿಲ್ಲ. ನಮ್ಮಲ್ಲಾದರೋ ಮಂಡಿನೋವಿನ ಜಾಹೀರಾತಿಗೂ ಕಾಂಡಕೋಶವೇ ಬೇಕು. ರಕ್ತ ಹುಟ್ಟಿಸುವ ಕಾಂಡಕೋಶದ ಕಸಿಯೊಂದನ್ನು ಬಿಟ್ಟು ಉಳಿದ ಕಾಂಡಕೋಶ ಚಿಕಿತ್ಸೆಗಳೆಲ್ಲ ಇನ್ನೂ ಸಂಶೋಧನೆಯ ಹಂತದಲ್ಲಿವೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಬರೆದಿತ್ತು. ಐಎಸ್‌ಬಿಟಿ ಲೇಬಲ್ಲಿನ 13 ಅಕ್ಷರಾಂಕಿಗಳ ದಾನಸಂಖ್ಯೆ ಹಿಡಿದು ಹೋದರೆ ಚೀಲದ ಮೂಲ ದಾನಿಯವರೆಗೂ ತಲುಪಬಹುದು. ಜಾಹೀರಾತಿನ ಕಾಂಡಕೋಶ ಎಲ್ಲಿಂದ ಬಂತು ಎಂದು ಕೇಳಿದರೆ ಸಿಗುವುದು ಫೋನ್ ನಂಬರು ಮಾತ್ರ.