ಉಕ್ಕಿನ ಹಲ್ಲುಗಳ ಹಿಂದಿನ ಮನುಷ್ಯ



ಜೇಮ್ಸ್ ಬಾಂಡ್ ಚಿತ್ರಗಳ ವಿಮರ್ಶೆಗೆ ಧರ್ಮಪ್ರಾಂತ್ಯದ ಪತ್ರಿಕೆಯೇ ಬೇಕಿತ್ತೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಆ ಚಿತ್ರಗಳ ನಾಯಕನ ನಡತೆಯನ್ನು ಸಮರ್ಥಿಸಲು ನಾನು ಹೊರಟಿಲ್ಲ. ನನ್ನ ಆಸಕ್ತಿಯೆಲ್ಲ ಅವನನ್ನು ಅಟ್ಟಿಸಿಕೊಂಡು ಬರುವ, ಉಕ್ಕಿನ ಹಲ್ಲುಗಳ, ಬಾಯಿಬಿಟ್ಟು ಮಾತಾಡುವುದೇ ಅಪರೂಪವಾದ ಆ ದೈತ್ಯನಲ್ಲಿದೆ. 'ಜಾಸ್' ಎಂಬ ಆ ಪಾತ್ರವನ್ನು ನೀವು ಟಿ.ವಿ. ಪರದೆಯ ಮೇಲಾದರೂ ಕಂಡಿರುತ್ತೀರಿ. ಅದನ್ನು ಅಭಿನಯಿಸಿದ ರಿಚರ್ಡ್ ಕೀಲ್ ಎಂಬ ಹೆಸರು ಮಾತ್ರ ಹಲವರಿಗೆ ತಿಳಿದಿರಲಾರದು.

ಕೀಲ್ ಹುಟ್ಟಿದ್ದು 1939ರ ಸೆಪ್ಟೆಂಬರ್ 13ರಂದು, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ. ಬೆಳವಣಿಗೆಯ ಹಾರ್ಮೋನಿನ ಏರುಪೇರಿನಿಂದಾಗಿ ಅವರ ಎತ್ತರ ಸುಮಾರು ಏಳು ಅಡಿ ಎರಡು ಅಂಗುಲಕ್ಕೆ ಮುಟ್ಟಿತು. ದವಡೆಯೂ ಹಣೆಯೂ ಅದಕ್ಕೆ ತಕ್ಕಂತೆ ದಪ್ಪಗಾದವು. ನಟನೆಯಿಂದ ಹೊಟ್ಟೆ ತುಂಬದ ದಿನಗಳಲ್ಲಿ ಅವರು ನೈಟ್‌ಕ್ಲಬ್ಬಿನ ಬಾಗಿಲು ಕಾದರು, ಸಮಾಧಿಯ ಜಾಗಗಳನ್ನು ಮಾರಿದರು, ರಾತ್ರಿಶಾಲೆಯೊಂದರಲ್ಲಿ ಗಣಿತ ಕಲಿಸಿದರು. ಗಣಿತದ ಮೇಷ್ಟರೆಂದು ಚಿತ್ರರಂಗಕ್ಕೆ ಅವರು ಎಂದೂ ಕಾಣಲಿಲ್ಲ. 1962ರ 'ಈಗಾ' ಚಿತ್ರದಲ್ಲಿ ಗುಹಾಮಾನವನಾದರು. ಅದೇ ವರ್ಷ 'ಟ್ವೈಲೈಟ್ ಜೋನ್' ಟಿ.ವಿ. ಸರಣಿಯ ಪ್ರಸಿದ್ಧ ಕಂತೊಂದರಲ್ಲಿ ಮನುಷ್ಯರನ್ನು ತಿನ್ನಲು ಬರುವ ಅನ್ಯಗ್ರಹದವನಾದರು. 'ದಿ ವೈಲ್ಡ್ ವೈಲ್ಡ್ ವೆಸ್ಟ್' ಸರಣಿಯಲ್ಲಿ ಕುಬ್ಜ ದೇಹದ ಮೈಕೆಲ್ ಡನ್ ಖಳನಾಯಕರಾದರೆ ಅವರ ಬೆನ್ನ ಹಿಂದೆ ನಿಲ್ಲುವ ಆಳಾಗಿ ಕೀಲ್ ಬಂದರು. ಆ ಡನ್ ಹೆಸರು ಗಳಿಸುವ ಮುನ್ನ ಕೆಲಕಾಲ ಕಪುಚಿನ್ ಮಠದಲ್ಲಿದ್ದವರು. ಒಬ್ಬನು ತೀರಾ ಎತ್ತರ, ಇನ್ನೊಬ್ಬನು ತೀರಾ ಗಿಡ್ಡ. ಆದಕಾರಣ ಇಬ್ಬರೂ ದುಷ್ಟರು! ಚಿತ್ರರಂಗದ ತರ್ಕ ಇಷ್ಟೇ.

ಈ ತರ್ಕವನ್ನು ನಾವು ಪವಿತ್ರ ಗ್ರಂಥದಿಂದಲೇ ಕಲಿತೆವೆಂದು ಯಾರಾದರೂ ಗೊಲ್ಯಾತನನ್ನು ಮುಂದಿಟ್ಟಾರು. ಹೀಬ್ರೂ ಪಾಠದಲ್ಲಿ ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು. ಪ್ರಾಚೀನ ಗ್ರೀಕ್ ಅನುವಾದದಲ್ಲಿ ಅದು ನಾಲ್ಕು ಮೊಳ ಒಂದು ಗೇಣು, ಅಂದರೆ ಸುಮಾರು ಆರು ಮುಕ್ಕಾಲು ಅಡಿ. ಆ ಲೆಕ್ಕದಲ್ಲಿ ಕೀಲ್ ಗೊಲ್ಯಾತನನ್ನೇ ಮೀರಿಸಿದವರು. ಆದರೆ ಅದೇ ಸಮುವೇಲನ ಮೊದಲನೆಯ ಗ್ರಂಥದಲ್ಲಿ ಎತ್ತರದ ಸೌಲನೂ ಇದ್ದಾನೆ, ಎತ್ತರವಿದ್ದೂ ಆಯ್ಕೆಯಾಗದ ಎಲಿಯಾಬನೂ ಇದ್ದಾನೆ. ಆಳೆತ್ತರದಿಂದ ಮನುಷ್ಯನನ್ನು ಅಳೆಯಬಾರದೆಂದು ದೇವರು ಸಮುವೇಲನಿಗೆ ಎಚ್ಚರಿಕೆ ಕೊಡುವುದು ದಾವೀದನು ಕವಣೆ ಬೀಸುವ ಅಧ್ಯಾಯಕ್ಕೆ ಮೊದಲೇ. ನಾವು ನೆನಪಿಡುವುದು ಮಾತ್ರ ಕವಣೆಯನ್ನು.

1977ರಲ್ಲಿ ಟಿ.ವಿ.ಯ 'ಹಲ್ಕ್' ಪಾತ್ರಕ್ಕೆ ಮೊದಲು ಆಯ್ಕೆಯಾದವರು ಕೀಲ್. ಚಿತ್ರೀಕರಣ ಶುರುವಾದ ಮೇಲೆ, ಎತ್ತರವಿದೆ, ಮಾಂಸಖಂಡ ಸಾಲದು ಎಂದು ಕೈಬಿಟ್ಟು ಲೂ ಫೆರಿಗ್ನೊ ಅವರನ್ನು ತಂದರು. ಅದೇ ವರ್ಷ ತೆರೆಗೆ ಬಂದ 'ದಿ ಸ್ಪೈ ಹೂ ಲವ್ಡ್ ಮಿ' ಕೀಲ್ ಅವರನ್ನು ಲೋಕಪ್ರಸಿದ್ಧರನ್ನಾಗಿಸಿತು. ಇದು ಬರೀ ರಾಕ್ಷಸನ ಪಾತ್ರವೆಂದು ಮೊದಲು ಅವರಿಗೂ ಬೇಸರವಾಗಿತ್ತು. ಒಪ್ಪುವುದಾದರೆ ಅವನಿಗೆ ಮನುಷ್ಯನ ಹಠ, ಮನುಷ್ಯನ ನಿರಾಶೆ ಕೊಡಬೇಕೆಂದು ಅವರು ಬಯಸಿದರು. ಲೋಹದ ಹಲ್ಲುಗಳು ಬಾಯಿಗೆ ಎಷ್ಟು ನೋವು ಕೊಡುತ್ತಿದ್ದವೆಂದರೆ ಪ್ರತಿ ಬಾರಿಯೂ ಅವನ್ನು ಹೆಚ್ಚು ಹೊತ್ತು ಧರಿಸಲಾಗುತ್ತಿರಲಿಲ್ಲ. ಆ ನೋವಿನ ನಡುವೆ, ಮಾತಿನ ಆಸರೆಯೂ ಇಲ್ಲದೆ ಅವರು ಮಾಡಿದ್ದನ್ನು ಗಮನಿಸಿ. ಕಾರು ಬಂಡೆಯಂಚಿನಿಂದ ಉರುಳಿ ಮನೆಯೊಂದರ ಮಾಡನ್ನು ಸೀಳಿಕೊಂಡು ಬೀಳುತ್ತದೆ. ಜಾಸ್ ಹೊರಬಂದು ಕೋಟಿನ ಧೂಳು ಕೊಡವಿಕೊಳ್ಳುತ್ತಾನೆ, ಕೆಲಸ ಕೆಟ್ಟ ನೌಕರನೊಬ್ಬನು ನಾಳೆ ಮತ್ತೆ ಹೋಗಬೇಕಲ್ಲ ಎಂದುಕೊಳ್ಳುವಂತೆ. ಪ್ರೇಕ್ಷಕರು ನಕ್ಕರು, ನಗುತ್ತ ಅವನನ್ನು ಮೆಚ್ಚಿಕೊಂಡರು. ಸಾಯಬೇಕಿದ್ದ ಪಾತ್ರ ಈಜಿಕೊಂಡು ಪಾರಾಯಿತು.

ಎರಡು ವರ್ಷಗಳ ನಂತರದ 'ಮೂನ್‌ರೇಕರ್' ಚಿತ್ರವನ್ನು ವಿಮರ್ಶಕರು ಲೇವಡಿ ಮಾಡಿದ್ದೇ ಹೆಚ್ಚು. ಆಕಾಶದಲ್ಲಿ ನಡೆಯುವ ಹೊಡೆದಾಟವನ್ನು ನಾನೂ ಹೊಗಳಲಾರೆ. ಆದರೆ ಆ ಚಿತ್ರದ ಒಂದು ಗಳಿಗೆಗಾಗಿ ನಾನು ಉಳಿದುದೆಲ್ಲವನ್ನೂ ಸಹಿಸಬಲ್ಲೆ. ಡ್ರಾಕ್ಸ್ ಎಂಬ ಧನಿಕನು ಭೂಮಿಯ ಜನರನ್ನೆಲ್ಲ ವಿಷವಾಯುವಿನಿಂದ ಕೊಂದು, ಆರಿಸಿ ತಂದ ಪರಿಪೂರ್ಣ ದೇಹಗಳಿಂದ ಹೊಸ ಕುಲವೊಂದನ್ನು ಬೆಳೆಸಲು ಹೊರಟಿದ್ದಾನೆ. ಈ ಅಳತೆಗೆ ಹೊಂದದವರ ಗತಿಯೇನೆಂದು ಬಾಂಡ್ ಜಾಸ್ ಮುಂದೆಯೇ ಕೇಳುತ್ತಾನೆ. ಜಾಸ್ ತನ್ನ ಪಕ್ಕದಲ್ಲಿರುವ, ಕನ್ನಡಕ ಧರಿಸಿದ ಪುಟ್ಟ ಹುಡುಗಿ ಡಾಲಿಯನ್ನು ನೋಡುತ್ತಾನೆ. ಆ ಮುಖದಲ್ಲಿ ನಿಧಾನವಾಗಿ ಮೂಡುವ ಅರಿವನ್ನು ಕೀಲ್ ಒಂದೂ ಮಾತಿಲ್ಲದೆ ತೋರಿಸುತ್ತಾರೆ. ಒಡೆಯನ ಲೆಕ್ಕದಲ್ಲಿ ತಾನು ಈವರೆಗೆ ಉಪಕರಣ, ಇನ್ನು ಮುಂದೆ ಕಸ. ಗರ್ಭದಲ್ಲಿರುವ ಕೂಸಿನ ದೇಹದಲ್ಲಿ ಊನ ಕಂಡೊಡನೆ ಅದನ್ನು ಬೇಡವೆನ್ನುವ ಈ ಕಾಲದಲ್ಲಿ, ಆ ದೃಶ್ಯವನ್ನು ಹಾಸ್ಯವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಡ್ರಾಕ್ಸ್ ಪಾತ್ರ ಮಾಡಿದ ಮೈಕೆಲ್ ಲಾನ್ಸ್‌ಡೇಲ್ ಕಥೋಲಿಕ ವಿಶ್ವಾಸಿ. ಅಲ್ಜೀರಿಯದಲ್ಲಿ 1996ರಲ್ಲಿ ಪ್ರಾಣ ತೆತ್ತ ಮಠವಾಸಿಗಳನ್ನು ಕುರಿತ 2010ರ ಫ್ರೆಂಚ್ ಚಿತ್ರದಲ್ಲಿ ವೈದ್ಯ ಬ್ರದರ್ ಲ್ಯೂಕ್ ಆಗಿ ನಟಿಸಿದವರೂ ಅವರೇ. ಸಾಧಾರಣ ಮೈಕಟ್ಟಿನ ನಟನಿಗೆ ಸಂತನಾಗುವ ಅವಕಾಶವೂ ಒದಗಿತು. ಕೀಲ್ ಅವರಿಗೆ ಅಂಥದ್ದು ಸಿಕ್ಕಲಿಲ್ಲ. ಕೊನೆಗೆ ತಮಗಾಗಿ ತಾವೇ ಕಥೆ ಹೆಣೆಯಲು ಕೈಜೋಡಿಸಿದರು: 1991ರ 'ದಿ ಜೈಂಟ್ ಆಫ್ ಥಂಡರ್ ಮೌಂಟನ್'. ಊರವರು ಹೆದರುವ ಒಂಟಿ ದೈತ್ಯನನ್ನು ಒಬ್ಬ ಬಾಲಕಿ ಗೆಳೆಯನಾಗಿಸಿಕೊಳ್ಳುವ ಕಥೆ. ಕಲೆಯ ದೃಷ್ಟಿಯಿಂದ ಅದೇನೂ ದೊಡ್ಡ ಚಿತ್ರವಲ್ಲ.

ಹಾಲಿವುಡ್ಡನ್ನು ದೂರುವ ಮುನ್ನ, ನಮ್ಮ ಧರ್ಮಕೇಂದ್ರಗಳ ಪಾಡುಗಳ ನಾಟಕವನ್ನು ಒಮ್ಮೆ ನೆನೆಯಿರಿ. ಎತ್ತರದ ಹುಡುಗನ ಕೈಗೆ ನಾವು ಕೊಡುವುದು ರೋಮನ್ ಸೈನಿಕನ ಚಾಟಿಯನ್ನೇ ಅಲ್ಲವೇ? ಯೊವಾನ್ನನ ಪಾತ್ರಕ್ಕೆ ಅವನನ್ನು ಕರೆದ ನೆನಪು ನಿಮಗುಂಟೇ?

ಕೀಲ್ ಕುಡಿತಕ್ಕೆ ದಾಸರಾಗಿ, ಅದರಿಂದ ಬಿಡಿಸಿಕೊಂಡು, ಕ್ರಿಸ್ತನಲ್ಲಿ ಮರುಹುಟ್ಟು ಪಡೆದೆನೆಂದು ಬಹಿರಂಗವಾಗಿ ಹೇಳಿಕೊಂಡವರು. ನಮ್ಮ ಸಭೆಯವರಲ್ಲ, ಆದರೂ ಆ ಸಾಕ್ಷ್ಯವನ್ನು ನಾನು ಗೌರವಿಸುತ್ತೇನೆ. ಐದಡಿಯ ಆಸುಪಾಸಿನ ಎತ್ತರದ ಪತ್ನಿ ಡಯಾನ್, ನಾಲ್ವರು ಮಕ್ಕಳು. ಪರದೆಯ ಮೇಲೆ ಸಿಕ್ಕದ್ದು ಮನೆಯಲ್ಲಿತ್ತು. 1992ರ ಕಾರು ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ದೇಹದ ಸಮತೋಲ ತಪ್ಪಿತು; ಆ ಮೇಲೆ ಅಷ್ಟೆತ್ತರದ ಮನುಷ್ಯನಿಗೆ ಊರುಗೋಲು, ಗಾಲಿಗಳ ಆಸರೆ ಬೇಕಾಯಿತು. 2014ರ ಸೆಪ್ಟೆಂಬರ್ 10ರಂದು, 75 ತುಂಬಲು ಮೂರೇ ದಿನಗಳಿರುವಾಗ, ಕ್ಯಾಲಿಫೋರ್ನಿಯದ ಫ್ರೆಸ್ನೊದಲ್ಲಿ ತೀರಿಕೊಂಡರು. ಅದಕ್ಕೆ ನಾಲ್ಕು ವರ್ಷ ಮುಂಚೆ, ಮಕ್ಕಳ ಕಾರ್ಟೂನ್ ಚಿತ್ರ 'ಟ್ಯಾಂಗಲ್ಡ್'ಗೆ ಅವರು ಧ್ವನಿ ಕೊಟ್ಟಿದ್ದರು. ಪಾತ್ರ ಮತ್ತೆ ಒಬ್ಬ ಭಯಂಕರ ಒರಟನದೇ. ಪಿಂಗಾಣಿಯ ಪುಟ್ಟ ಒಂಟಿಕೊಂಬಿನ ಕುದುರೆಗಳನ್ನು ಕೂಡಿಡುವುದೆಂದರೆ ಆ ಒರಟನಿಗೆ ಪ್ರಾಣ.