ಆಟ ಯಾರದು, ಅಡುಗೆ ಯಾರದು?

‘ಸಹಭಾಗಿತ್ವ’ ಎಂಬ ಮಾತು ಈಗ ಕಲೆಯ ಸಭೆಗಳಲ್ಲಿ ಹೂವಿನ ಹಾರದಷ್ಟೇ ಅಗತ್ಯದ್ದಾಗಿಬಿಟ್ಟಿದೆ. ಕಲೆಯನ್ನು ಜನರ ಬಳಿಗೆ ಒಯ್ಯುವ ಯಾವ ಯೋಜನೆಯ ಕಾಗದ ತೆಗೆದು ನೋಡಿದರೂ ಅದರಲ್ಲಿ ಸಮುದಾಯದ ಸಹಭಾಗಿತ್ವ ಇದ್ದೇ ಇರುತ್ತದೆ. ಆದರೆ ‘ಭಾಗ’ ಎಂದರೆ ಪಾಲು. ಪಾಲು ಎಂದ ಮೇಲೆ ಯಾರಿಗೆ, ಎಷ್ಟು, ಯಾವುದರಲ್ಲಿ ಎಂದು ಕೇಳಲೇಬೇಕು. ಅಣ್ಣತಮ್ಮಂದಿರು ಗದ್ದೆ ಹಿಸ್ಸೆ ಮಾಡಿಕೊಳ್ಳುವಾಗ ತೋರುವ ನಿಷ್ಠುರವನ್ನು ನಾವು ಇಲ್ಲಿಯೂ ಸ್ವಲ್ಪ ತೋರಬೇಕು.

ಇದಕ್ಕೆ ನಾನು ಇಟ್ಟುಕೊಂಡಿರುವ ಒರೆಗಲ್ಲು ಒಂದೇ. ‘ಬೇಡ’ ಎನ್ನಲು ಯಾರಿಗೆ ಸಾಧ್ಯವೋ ಅವರು ಪಾಲುದಾರರು. ಉಳಿದವರು ಪ್ರೇಕ್ಷಕರಾಗಿರಬಹುದು, ಫಲಾನುಭವಿಗಳಾಗಿರಬಹುದು, ಬಿಟ್ಟಿ ಆಳುಗಳೂ ಆಗಿರಬಹುದು.

ನಾನು ಪಾಠ ಮಾಡುತ್ತಿದ್ದ ಶಾಲೆಗೆ ಒಮ್ಮೆ ಒಂದು ಸಂಸ್ಥೆಯವರು ಹತ್ತು ದಿನದ ರಂಗಶಿಬಿರ ನಡೆಸಲು ಬಂದರು. ಸುತ್ತೋಲೆ ಬಂದಿದ್ದರಿಂದ ಒಲ್ಲೆ ಎನ್ನುವ ಪ್ರಶ್ನೆಯೇ ಇರಲಿಲ್ಲ. ಪರೀಕ್ಷೆಗೆ ಇನ್ನೊಂದೇ ತಿಂಗಳಿತ್ತು. ನಾಟಕವನ್ನು ಅವರೇ ತಂದಿದ್ದರು, ಹಾಡುಗಳ ಕ್ಯಾಸೆಟ್ಟನ್ನೂ ತಂದಿದ್ದರು. ಶಾಲೆಯ ಬೇಲಿಯಾಚೆ ಸೋಬಾನೆ ಹೇಳಬಲ್ಲ ತಾಯಂದಿರು ಮನೆಗೊಬ್ಬರಂತೆ ಇದ್ದರೂ ಅವರನ್ನು ಯಾರೂ ಕರೆಯಲಿಲ್ಲ. ಮಕ್ಕಳು ಸಂತೋಷಪಟ್ಟರು, ಅದು ಸುಳ್ಳಲ್ಲ. ಕೊನೆಯ ದಿನ ಬಂದವರು ಫೋಟೊ ತೆಗೆದು, ಮುಖ್ಯೋಪಾಧ್ಯಾಯರ ಸಹಿ ಪಡೆದು ಹೊರಟರು. ಮರುವರ್ಷ ಮಕ್ಕಳು ಕೇಳಿದ್ದು, ‘ಟೀಚರ್, ನಾಟಕದವರು ಯಾವಾಗ ಬರ್ತಾರೆ?’ ಎಂದು. ‘ನಾವೇ ಒಂದು ಮಾಡೋಣ’ ಎಂದು ಒಂದು ಮಗುವೂ ಅನ್ನಲಿಲ್ಲ. ಆ ಶಿಬಿರ ಸೋತದ್ದು ಅಲ್ಲಿ.

ನಮ್ಮಲ್ಲಿ ಒಳ್ಳೆಯ ಮಾದರಿಗಳಿಗೆ ಬರವಿಲ್ಲ. ಕರಾವಳಿಯ ಹರಕೆ ಬಯಲಾಟವನ್ನೇ ನೋಡಿ. ಕಟೀಲಿನದೋ ಮಂದಾರ್ತಿಯದೋ ಮೇಳ ಒಂದು ಮನೆಯ ಅಂಗಳಕ್ಕೆ, ಕೊಯ್ಲು ಮುಗಿದ ಗದ್ದೆಗೆ ಬರುವುದು ಆ ಮನೆಯವರು ಸೇವೆ ಹೇಳಿಕೊಂಡದ್ದರಿಂದ. ಪ್ರಸಂಗ ಯಾವುದಾಗಬೇಕು ಎನ್ನುವುದರಲ್ಲಿ ಸೇವಾಕರ್ತರ ಮಾತಿಗೆ ಬೆಲೆಯಿದೆ. ದಿನ ಕೊಡುವುದು ಮೇಳದ ಕೈಯಲ್ಲಿದೆ. ಸರದಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ವೇಷ, ಹಿಮ್ಮೇಳ, ವಿದ್ಯೆ ಮೇಳದ್ದು. ಜಾಗ, ಊಟ, ಬಂದವರ ಉಪಚಾರ ಮನೆಯವರದು. ನೋಡಲು ಬರುವ ಊರಿಗೆ ಟಿಕೆಟ್ಟಿಲ್ಲ. ಯಾವ ಒಪ್ಪಂದಪತ್ರದಲ್ಲೂ ‘ಸಹಭಾಗಿತ್ವ’ ಎಂದು ಬರೆಯದೆಯೇ ಈ ವ್ಯವಸ್ಥೆ ತಲೆಮಾರುಗಳಿಂದ ನಡೆದಿದೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿರುವುದೇ ಅದಕ್ಕೆ ಕಾರಣ.

ಘಟ್ಟದ ಮೇಲೆ, ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಇದೇ ಬುದ್ಧಿಯನ್ನು ಆಧುನಿಕ ನಾಟಕಕ್ಕೆ ತಂದಿತು. 1949ರಲ್ಲಿ ಹಳ್ಳಿಯ ಹವ್ಯಾಸಿಗಳ ಸಂಘವಾಗಿ ಹುಟ್ಟಿದ್ದು ಅದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅಡಿಕೆ ತೋಟದವರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲೂ ಅದೇ ಊರಿನಲ್ಲಿ ಉಳಿದರು, 2005ರಲ್ಲಿ ತೀರಿಕೊಂಡರು. ಫೋರ್ಡ್ ಫೌಂಡೇಶನ್ನಿನ ನೆರವಿನಿಂದ 1983ರಲ್ಲಿ ಆರಂಭವಾದ ‘ಜನಸ್ಪಂದನ’ ಯೋಜನೆ ನಾಟಕ ಮತ್ತು ಸಿನಿಮಾವನ್ನು ಹಳ್ಳಿಗಳಿಗೆ ಒಯ್ದಿತು. ಅಂಥ ಹಣಕ್ಕೆ ಕೊನೆಯ ದಿನವೊಂದು ಇದ್ದೇ ಇರುತ್ತದೆ. 1985ರಲ್ಲಿ ಶುರುವಾದ ‘ತಿರುಗಾಟ’ದ ದಾರಿ ಬೇರೆ. ಊರಿನ ಸಂಘವೊಂದು ಕರೆದರೆ ತಂಡ ಬರುತ್ತದೆ. ಕರೆದವರು ಪ್ರದರ್ಶನದ ಹಣ ಹೊಂದಿಸಬೇಕು, ಜಾಗ ನೋಡಬೇಕು, ತಂಡಕ್ಕೆ ಊಟ, ವಸತಿ ಒದಗಿಸಬೇಕು, ಟಿಕೆಟ್ ಹಿಡಿದು ಮನೆಮನೆ ತಿರುಗಬೇಕು. ನಾಟಕ ರುಚಿಸದಿದ್ದರೆ ಮುಂದಿನ ವರ್ಷ ಕರೆಯದೆ ಇರಬಹುದು. ಈ ‘ಕರೆಯದೆ ಇರಬಹುದು’ ಎಂಬುದರಲ್ಲಿ ಊರಿನ ಮರ್ಯಾದೆ ಇದೆ, ತಂಡದ ಎಚ್ಚರವೂ ಇದೆ. ತಿರುಗಾಟ ದಶಕಗಳ ಕಾಲ ನಡೆದುಬಂದದ್ದು ಇದರಿಂದಲೇ ಎಂದು ನನ್ನ ನಂಬಿಕೆ.

ಆದರೂ ಒಂದು ಕೊರತೆ ಹೇಳಬೇಕು. ಹರಕೆ ಆಟದ ಮನೆಯವನಿಗೆ ಪ್ರಸಂಗದ ಬಗ್ಗೆ ಇರುವ ಮಾತು ತಿರುಗಾಟ ಕರೆಸುವ ಊರಿಗೆ ಇಲ್ಲ. ನಾಟಕ ಹೆಗ್ಗೋಡಿನಲ್ಲಿ ಸಿದ್ಧವಾಗಿ ಬರುತ್ತದೆ; ಇರುವ ಎರಡು ಮೂರರಲ್ಲಿ ಆರಿಸಿಕೊಳ್ಳಬೇಕು, ಅಷ್ಟೆ. ಊರು ಗೃಹಸ್ಥನಾಗುತ್ತದೆ, ನಾಟಕಕಾರನಾಗುವುದಿಲ್ಲ. ಇದಕ್ಕೆ ಇನ್ನೊಂದು ತುದಿಯಲ್ಲಿರುವುದು 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಅವರು ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯ ಸಿದ್ದಿಗಳಿಂದ ಆಡಿಸಿದ ನಾಟಕ. ಮೂಲ, ನೈಜೀರಿಯಾದ ಚಿನುವ ಅಚಿಬೆಯವರು 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ. ಬಿಳಿಯರು ಬಂದು ಒಂದು ಹಳ್ಳಿಯ ಬದುಕು ಒಡೆದುಹೋದ ಕಥೆ. ಹಿರಿಯರ ಬೇರು ಆಫ್ರಿಕದಲ್ಲಿರುವ ಜನ ಅದನ್ನು ಕನ್ನಡದಲ್ಲಿ ಆಡುವಾಗ ನಿರ್ದೇಶಕ ಹೇಳಿಕೊಡಬೇಕಾದಷ್ಟೇ ಅವರಿಂದ ಕಲಿಯಬೇಕಾಗುತ್ತದೆ. ಆ ಸಮುದಾಯದವರು ಮುಂದೆ ನೀನಾಸಂಗೆ ಹೋಗಿ ರಂಗಶಿಕ್ಷಣ ಪಡೆದದ್ದೂ ಉಂಟು. ಪಾಲು ಹೀಗೆ ಬೆಳೆಯಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಹೇಳಿದಂತಾದೀತು. ತಂಡದ ಊಟ, ವಸತಿ ಊರಿನದು ಎಂದೆನಲ್ಲ, ಆ ಊರು ಎಂದರೆ ಯಾರು? ಸಂಘದ ಅಧ್ಯಕ್ಷರ ಮನೆಯ ಹೆಂಗಸರು. ಮಲೆನಾಡಿನಲ್ಲಿ ನಾಟಕದ ಕಾಲವೂ ಕೊನೆಕೊಯ್ಲಿನ ಕಾಲವೂ ಒಟ್ಟಿಗೇ ಬರುತ್ತವೆ. ರಾತ್ರಿ ಅಡಿಕೆ ಸುಲಿಯುವ ಕೈಗಳೇ ಅವತ್ತು ಇಪ್ಪತ್ತು ಜನಕ್ಕೆ ಹೆಚ್ಚಿನ ಅನ್ನ, ಸಾರು ಮಾಡಬೇಕು. ಮೂರನೆಯ ಬೆಲ್ ಆಗುವಾಗ ಅವರು ಪಾತ್ರೆ ತೊಳೆಯುತ್ತಿರುತ್ತಾರೆ. ಒಳಗೆ ಬಂದು ಕೂರುವ ಹೊತ್ತಿಗೆ ಅರ್ಧ ಕಥೆ ಮುಗಿದಿರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಮೈಕು ಕೊಟ್ಟವರ ಹೆಸರು ಇರುತ್ತದೆ, ಇವರದು ಇರುವುದಿಲ್ಲ. ನನ್ನ ಒರೆಗಲ್ಲನ್ನು ಇಲ್ಲಿ ಉಜ್ಜಿದರೆ ಬಣ್ಣ ಬೇರೆಯೇ ಬರುತ್ತದೆ. ‘ಈ ವಾರ ಬೇಡ, ಕೊಯ್ಲು ಮುಗಿಯಲಿ’ ಎನ್ನುವ ಅವಕಾಶ ಅವರಿಗೆ ಎಲ್ಲಿದೆ? ‘ಬಂದವರಿಗೆ ಇಲ್ಲ ಅನ್ನೋಕೆ ಆಗತ್ತಾ ಅಕ್ಕಾ?’ ಎಂದು ಅವರೇ ನಗುತ್ತಾರೆ. ಆತಿಥ್ಯ ದೊಡ್ಡ ಗುಣ, ಸರಿ. ಆದರೆ ಅವರ ಆತಿಥ್ಯವನ್ನು ಇನ್ನೊಬ್ಬರು ದಾನ ಮಾಡಿದರೆ ಅದನ್ನು ಸಹಭಾಗಿತ್ವ ಎನ್ನಲಾರೆ.

ಮಾಡಬಹುದಾದದ್ದು ದೊಡ್ಡದೇನಲ್ಲ. ದಿನ ಗೊತ್ತು ಮಾಡುವ ಸಭೆಯಲ್ಲಿ ಆ ಹೆಂಗಸರೂ ಕೂರಲಿ. ಅಡುಗೆಗೆ ಕೂಲಿ ಕೊಟ್ಟು ಜನ ಇಡಲಿ. ಟಿಕೆಟ್ಟಿನ ಹಣದಲ್ಲಿ ಮೈಕಿಗೆ ಸಿಗುವ ಪಾಲು ಒಲೆಗೂ ಸಿಗಲಿ. ಮೊದಲ ಸಾಲಿನಲ್ಲಿ ಗಣ್ಯರಿಗೆ ಇಡುವ ಕುರ್ಚಿಗಳಲ್ಲಿ ನಾಲ್ಕು ಇವರಿಗಿರಲಿ. ಹಾಗೆ ಕೂತು ನೋಡಿದ ಹೆಂಗಸು ನಾಟಕ ಮುಗಿದ ಮೇಲೆ, ‘ಇದು ನಂಗೆ ಹಿಡಿಸಲಿಲ್ಲ, ಮುಂದಿನ ಸಲ ಬೇರೆ ತರಿಸಿ’ ಎಂದರೆ ಸಂಘದವರು ಬೇಸರಪಡಬಾರದು. ಅವರಿಗೊಬ್ಬ ಪಾಲುದಾರಳು ಸಿಕ್ಕಿದಳೆಂದೇ ಅದರ ಅರ್ಥ.