ಮುದ್ರಿತ ಮಿದುಳು ತೋರಿಸದ ಗಂಟೆಗಳು

ಪಾರ್ಶ್ವವಾಯುವಿನ ಪಾಠಕ್ಕೆ ಬೇಕಾದ ಮಿದುಳನ್ನು ಈಗ ಮುದ್ರಿಸಿಕೊಳ್ಳಬಹುದು. ಛೇದಿಸಿದ ನಿಜವಾದ ಅಂಗವನ್ನು ಸ್ಕ್ಯಾನ್ ಮಾಡಿ, ಪದರದ ಮೇಲೆ ಪದರವಾಗಿ, ಬಣ್ಣ ಸಮೇತ ಮುದ್ರಿಸುವ ಕ್ರಮ ಇದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಪಾಲ್ ಮ್ಯಾಕ್‌ಮೆನಮಿನ್ ಮತ್ತು ಸಂಗಡಿಗರು 2014ರಲ್ಲಿ ಇಂಥ ತ್ರೀಡಿ ಅಂಗರಚನಾ ಮಾದರಿಗಳನ್ನು ಹೊರತಂದ ಮೇಲೆ ಇದು ಹೆಸರಾಯಿತು.

ಇದರ ಗುಣ ದೊಡ್ಡದು. ಎಡಭಾಗದ ಮಧ್ಯ ಮಿದುಳು ಧಮನಿ ಕಟ್ಟಿಕೊಂಡು ವರ್ಷವಾದ ಮಿದುಳಿನ ಪ್ರತಿಯನ್ನು ಕೈಗೆತ್ತಿಕೊಳ್ಳಿ. ಬದಿಯ ಸುರುಳಿಗಳಿದ್ದ ಕಡೆ ಬೆರಳು ಇಳಿಯುವಷ್ಟು ಕುಳಿ. ಕತ್ತರಿಸಿದ ಮುಖದಲ್ಲಿ, ಅದೇ ಬದಿಯ ದ್ರವಕೋಶ ಹಿಗ್ಗಿದೆ. ಬಲಗೈ ಏಕೆ ಎತ್ತಲಾಗಲಿಲ್ಲ, ಮಾತೇಕೆ ನಿಂತಿತು ಎಂಬುದು ವಿದ್ಯಾರ್ಥಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನೇ ಕೈಯಲ್ಲಿ ಹಿಡಿಯುವ ಅವಕಾಶವಿದೆ. ಎಲ್ಲ ಕಾಲೇಜಿಗೂ ಆ ಭಾಗ್ಯವಿಲ್ಲ. ಮುದ್ರಿತ ಪ್ರತಿಗೆ ಫಾರ್ಮಲಿನ್ ಬೇಡ, ಗ್ಲೌಸೂ ಬೇಡ.

ಕೊರತೆಗಳೂ ಇವೆ. ಜೀವಂತ ಮಿದುಳು ಗಟ್ಟಿ ಮೊಸರಿನಷ್ಟು ಮೆತ್ತಗೆ. ರಕ್ತ ಸಿಗದೆ ಸತ್ತ ಭಾಗ ಇನ್ನೂ ಮೆತ್ತಗಾಗುತ್ತದೆ. ಆ ವ್ಯತ್ಯಾಸ ಈ ಗಡಸು ಮಾದರಿಯಲ್ಲಿ ಬೆರಳಿಗೆ ಸಿಗದು. ಆದರೆ ನನ್ನ ಮುಖ್ಯ ತಕರಾರು ಕಾಲದ್ದು. ದೊಡ್ಡ ಧಮನಿ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬ ಅಂದಾಜಿದೆ. ಹೀಗಿದ್ದರೂ ಮೊದಲ ಕೆಲವು ಗಂಟೆ ಬರಿಗಣ್ಣಿಗೆ ಮಿದುಳು ಆರೋಗ್ಯವಾಗಿಯೇ ಕಾಣುತ್ತದೆ; ಸಿ.ಟಿ. ಸ್ಕ್ಯಾನಿನಲ್ಲೂ ಎಷ್ಟೋ ಸಲ ಏನೂ ಕಾಣದು. ಹೆಪ್ಪು ಕರಗಿಸುವ ಔಷಧಿ ಸಾಮಾನ್ಯವಾಗಿ ಕೊಡುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ. ಅಂದರೆ ಮಾದರಿ ಚೆನ್ನಾಗಿ ತೋರಿಸುವುದು ಇನ್ನೇನೂ ಮಾಡಲಾಗದ ಹಂತವನ್ನು. ಉಳಿಸಬಹುದಾಗಿದ್ದ ಹೊತ್ತಿಗೆ ಅದರಲ್ಲಿ ರೂಪವೇ ಇಲ್ಲ. ಕುಳಿಯನ್ನಷ್ಟೇ ನೋಡಿ ಕಲಿತವರು, ಕುಳಿ ಕಾಣಲಿಲ್ಲವೆಂದು ರೋಗಿಯನ್ನು ಮನೆಗೆ ಕಳಿಸುವ ಅಪಾಯವಿದೆ.

ಆದ್ದರಿಂದ ಇದನ್ನು ಒಂಟಿಯಾಗಿ ಕೊಳ್ಳಬಾರದು, ಮೂರರ ಜೋಡಣೆಯಾಗಿ ಮಾಡಿಸಬೇಕು. ಮೊದಲನೆಯದರಲ್ಲಿ ಮಿದುಳು ಅಖಂಡ, ಧಮನಿಯಲ್ಲಿ ಮಾತ್ರ ಹೆಪ್ಪು. ಎರಡನೆಯದು ಮೂರನೇ ದಿನದ್ದು: ಬಾವು ಏರಿ ನಡುಗೆರೆ ಪಕ್ಕಕ್ಕೆ ಸರಿದಿರುವುದು. ಮೂರನೆಯದು ಕುಳಿ. ಪಾಠ ಮೊದಲನೆಯದರಿಂದಲೇ ಶುರುವಾಗಬೇಕು, ಹೆಚ್ಚು ಹೊತ್ತು ಅಲ್ಲೇ ನಿಲ್ಲಬೇಕು.

ಇದೇ ಮೊದಲ ಮಾದರಿ ತರಗತಿಯಾಚೆಗೂ ಹೋಗಲಿ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದಾಗ ‘ಬೆಳಗಾಗಲಿ, ನೋಡೋಣ’ ಎಂದು ಕಾಯುವ ಮನೆಗಳು ನಮ್ಮಲ್ಲಿವೆ. ಒಳಗೆ ಮಿದುಳು ಇನ್ನೂ ಪೂರ್ತಿ ಹಾಳಾಗಿಲ್ಲ, ಈಗಲೇ ಹೊರಟರೆ ಉಳಿಸಿಕೊಳ್ಳಬಹುದು ಎಂದು ಅವರಿಗೆ ಕಣ್ಣಾರೆ ತೋರಿಸಬೇಕಾದ್ದು ಆ ಅಖಂಡ ಮಿದುಳನ್ನೇ.